ಬಸುರಿ, ಬಾಣಂತಿಗೆ ನೆಗಡಿ ಮಾತ್ರೆ ಬೇಕೇ?

ಮೂಡಿಗೆರೆ, ಕೊಪ್ಪದ ಕಡೆ ಜೋರು ಮಳೆ ಹಿಡಿಯಿತೆಂದರೆ ಮನೆಮನೆಯಲ್ಲೂ ನೆಗಡಿ. ಮೆಡಿಕಲ್ ಶಾಪಿನಲ್ಲಿ ‘ಒಂದು ನೆಗಡಿ ಮಾತ್ರೆ ಕೊಡಿ’ ಅಂದರೆ ಮುಗಿಯಿತು. ಬಸುರಿಗೋ ಬಾಣಂತಿಗೋ ಆದರೆ ಮಾತ್ರ ಸ್ವಲ್ಪ ತಡೆಯಬೇಕು.

ಬಸುರಿಯ ಮೂಗು ಕಟ್ಟಲು ಮಳೆಯೇ ಬೇಕೆಂದಿಲ್ಲ. ಹಾರ್ಮೋನುಗಳ ಏರುಪೇರಿನಿಂದ ಮೂಗಿನ ಒಳಪದರ ಊದಿಕೊಳ್ಳುತ್ತದೆ. ಶೀತವಿಲ್ಲ, ಅಲರ್ಜಿಯಿಲ್ಲ, ಆದರೂ ವಾರಗಟ್ಟಲೆ ಮೂಗು ಬಂದ್. ಹೆರಿಗೆಯಾದ ಎರಡು ವಾರದೊಳಗೆ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ.

ಕಟ್ಟಿದ ಮೂಗು ಬಿಡಿಸುವ ಔಷಧ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮಾತ್ರೆ ನುಂಗಿದರೆ ಅದು ಮೈಯೆಲ್ಲ ಸುತ್ತುತ್ತದೆ. ಮೂಗಿನ ನಾಳ ಯಾವುದು, ಗರ್ಭಕೋಶದ ನಾಳ ಯಾವುದು ಅಂತ ಅದಕ್ಕೇನು ಗೊತ್ತು? ಬಿಪಿಯೂ ಏರಬಹುದು. ಮೊದಲ ಮೂರು ತಿಂಗಳಲ್ಲಿ ಸ್ಯೂಡೋಎಫೆಡ್ರಿನ್ ಎಂಬ ಇಂಥದೊಂದು ಔಷಧ ತೆಗೆದುಕೊಂಡವರ ಮಕ್ಕಳಲ್ಲಿ ಹೊಟ್ಟೆಯ ಗೋಡೆ ಪೂರ್ತಿ ಮುಚ್ಚದ ಅಪರೂಪದ ದೋಷ ತುಸು ಹೆಚ್ಚು ಕಂಡಿದೆ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ, ಎಲ್ಲವೂ ಅಲ್ಲ. ಗೊತ್ತಿಲ್ಲದೆ ಒಂದು ನುಂಗಿದವರು ನಿದ್ದೆಗೆಡಬೇಕಿಲ್ಲ, ಡಾಕ್ಟರಿಗೆ ತಿಳಿಸಿದರಾಯಿತು.

ನಮ್ಮ ಅಂಗಡಿಗಳ ನೆಗಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಥದೇ ಇನ್ನೊಂದು ಔಷಧ, ಫಿನೈಲ್‌ಎಫ್ರಿನ್. ಜೊತೆಗೆ ಪ್ಯಾರಾಸಿಟಮಾಲ್, ತೂಕಡಿಕೆ ತರಿಸುವ ಅಲರ್ಜಿ ಮದ್ದು. ನುಂಗಿದ ಫಿನೈಲ್‌ಎಫ್ರಿನ್ ಮೂಗು ಬಿಡಿಸುವುದೇ ಇಲ್ಲ ಎಂದು 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ ಒಮ್ಮತದಿಂದ ಹೇಳಿತು! ಹಾಗಿದ್ದ ಮೇಲೆ ಬಸುರಿ ಅದನ್ನು ಸುಮ್ನೆ ಯಾಕೆ ನುಂಗಬೇಕು?

ಬಾಣಂತಿಯ ತೊಂದರೆ ಬೇರೆ. ಸ್ಯೂಡೋಎಫೆಡ್ರಿನ್ ಮಗುವಿನ ಹೊಟ್ಟೆ ಸೇರುವುದು ಸ್ವಲ್ಪವೇ, ಆದರೆ ಅದು ಹಾಲನ್ನೇ ತಗ್ಗಿಸುತ್ತದೆ. 2003ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ 60 ಮಿಲಿಗ್ರಾಂನ ಒಂದೇ ಡೋಸಿಗೆ ದಿನದ ಹಾಲು ಸರಾಸರಿ ಶೇ. 24ರಷ್ಟು ಇಳಿಯಿತು. ನೋಡಿದ್ದು 8 ತಾಯಂದಿರನ್ನು ಮಾತ್ರ, ನಿಜ. ಆದರೂ ಹಾಲು ಹೆಚ್ಚಲಿ ಅಂತ ಸಬ್ಬಸಿಗೆ, ಬೆಳ್ಳುಳ್ಳಿ ತಿನ್ನಿಸುವ ಮನೆಯಲ್ಲೇ ಈ ಮಾತ್ರೆಯನ್ನೂ ಕೊಡುವುದು ವಿಚಿತ್ರ ಅಲ್ವಾ?

ಮೊದಲು ಮೂಗಿಗೆ ಔಷಧದಂಗಡಿಯ ಉಪ್ಪುನೀರಿನ ಹನಿ ಬಿಟ್ಟು ನೋಡಿ. ಮಲಗುವಾಗ ತಲೆ ಎತ್ತರಕ್ಕಿರಲಿ. ಹಬೆಯೂ ಹಿತ, ಕುದಿಯುವ ಪಾತ್ರೆ ಮಡಿಲಿಗೆ ಬೀಳದಂತೆ ನೋಡಿಕೊಳ್ಳಿ. ಇದರಿಂದಾಗದಿದ್ದರೆ ಡಾಕ್ಟರು ಆಕ್ಸಿಮೆಟಜೋಲಿನ್ ಅಥವಾ ಜೈಲೋಮೆಟಜೋಲಿನ್ ಹನಿ ಬರೆದುಕೊಡಬಹುದು. ಹನಿಯ ಔಷಧ ಬಹುಪಾಲು ಮೂಗಿನಲ್ಲೇ ಉಳಿಯುತ್ತದೆ, ರಕ್ತಕ್ಕೆ ಸೇರುವುದು ಕಡಿಮೆ. ಮೂರು ದಿನಕ್ಕಿಂತ ಎಳೆಯಬೇಡಿ, ಮೂಗು ಮತ್ತೆ ಇನ್ನೂ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಬಿಪಿ ಇದ್ದವರಂತೂ ಕೇಳದೆ ಹನಿಯನ್ನೂ ಬಿಡಬಾರದು.