ಮೂಗಿಗೆ ತಲುಪದ ನೆಗಡಿ ಮಾತ್ರೆ: ಫಿನೈಲೆಫ್ರಿನ್‌ನ ಹಿನ್ನೆಲೆ

ನೆಗಡಿಯಲ್ಲಿ ಮೂಗು ಕಟ್ಟುವುದಕ್ಕೆ ಸಿಂಬಳ ಒಂದೇ ಕಾರಣವಲ್ಲ. ಮೂಗಿನ ಒಳಪದರದ ಸಿರೆಗಳು ರಕ್ತ ತುಂಬಿ ಊದಿಕೊಂಡು ಉಸಿರಿನ ದಾರಿಯನ್ನು ಕಿರಿದಾಗಿಸುತ್ತವೆ. ರಕ್ತನಾಳಗಳನ್ನು ಸಂಕುಚಿತಗೊಳಿಸುವ ಔಷಧ ಈ ಊತವನ್ನು ಇಳಿಸಬೇಕು ಎಂಬ ತರ್ಕದ ಮೇಲೆಯೇ ಫಿನೈಲೆಫ್ರಿನ್ ನೆಗಡಿ ಮಾತ್ರೆಗಳೊಳಗೆ ಸೇರಿತು.

ರಚನೆಯಲ್ಲಿ ಇದು ಅಡ್ರಿನಾಲಿನ್‌ಗಿಂತ ಒಂದೇ ಒಂದು ಹೈಡ್ರಾಕ್ಸಿಲ್ ಗುಂಪು ಕಡಿಮೆಯಿರುವ ಅಣು. ರಕ್ತನಾಳದ ಸ್ನಾಯುಕೋಶಗಳ ಮೇಲೆ ಸಂಕೇತ ಹಿಡಿಯುವ ಆಲ್ಫಾ-1 ಎಂಬ ಗ್ರಾಹಕಕ್ಕೆ ಇದು ಅಂಟಿಕೊಂಡಾಗ ಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗಿ ಸ್ನಾಯು ಬಿಗಿಯುತ್ತದೆ. ಸಿಸೇರಿಯನ್‌ಗೆಂದು ಬೆನ್ನಿಗೆ ಅರಿವಳಿಕೆ ಕೊಟ್ಟಾಗ ಕುಸಿಯುವ ರಕ್ತದೊತ್ತಡವನ್ನು, ಅಭಿಧಮನಿಗೆ ನೀಡಿದ 50ರಿಂದ 100 ಮೈಕ್ರೊಗ್ರಾಂನಷ್ಟು ಫಿನೈಲೆಫ್ರಿನ್ ಕ್ಷಣಮಾತ್ರದಲ್ಲಿ ಏರಿಸಬಲ್ಲದು. ಒತ್ತಡ ಏರಿದ್ದನ್ನು ಗ್ರಹಿಸಿದ ದೇಹ ಹೃದಯ ಬಡಿತವನ್ನು ತಗ್ಗಿಸುವುದೂ ಉಂಟು. ಅಂದರೆ ಅಣುವಿನ ಸಾಮರ್ಥ್ಯದ ಬಗ್ಗೆ ಯಾರಿಗೂ ಅನುಮಾನವಿಲ್ಲ.

ತೊಡಕಿರುವುದು ಬಾಯಿಂದ ನುಂಗಿದಾಗ. ಕರುಳಿನ ಗೋಡೆಯಲ್ಲಿರುವ ಕಿಣ್ವಗಳು ಇದಕ್ಕೆ ಸಲ್ಫೇಟ್ ಜೋಡಿಸಿ ನಿಷ್ಕ್ರಿಯಗೊಳಿಸುತ್ತವೆ. ಕರುಳು ಮತ್ತು ಯಕೃತ್ತಿನ ಮೊನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವ ಇನ್ನಷ್ಟನ್ನು ಒಡೆಯುತ್ತದೆ. ಸೇವಿಸಿದ್ದರಲ್ಲಿ ಶೇ. 38ರಷ್ಟು ರಕ್ತಕ್ಕೆ ಸೇರುತ್ತದೆಂದು ಬಹುಕಾಲ ಉಲ್ಲೇಖಿಸಲಾಗುತ್ತಿತ್ತು. ಆದರೆ ಆ ಲೆಕ್ಕದಲ್ಲಿ ನಿಷ್ಕ್ರಿಯ ಉತ್ಪನ್ನಗಳೂ ಸೇರಿದ್ದವು. ಮೂಲರೂಪದಲ್ಲಿ ಉಳಿದ ಔಷಧವನ್ನಷ್ಟೇ ಅಳೆದಾಗ ಅದು ಶೇ. 1ಕ್ಕೂ ಕಡಿಮೆ. ಇಡೀ ವಿವಾದದ ಬೇರು ಇಲ್ಲಿದೆ ಎಂದು ನನ್ನ ಎಣಿಕೆ.

ಅಮೆರಿಕದಲ್ಲಿ 1976ರಲ್ಲಿ ತಜ್ಞರ ಮಂಡಳಿಯೊಂದು, ಬಹುಮಟ್ಟಿಗೆ ಅಪ್ರಕಟಿತವಾಗಿದ್ದ ಅಧ್ಯಯನಗಳನ್ನು ನೋಡಿ, 10 ಮಿಲಿಗ್ರಾಂ ಪ್ರಮಾಣ ಪರಿಣಾಮಕಾರಿ ಎಂದಿತ್ತು. ಆದರೆ ಮಾರುಕಟ್ಟೆಯಲ್ಲಿ ಮೇಲುಗೈ ಪಡೆದದ್ದು ಮೂಗು ಕಟ್ಟಿದ್ದಕ್ಕೇ ಕೊಡುವ ಇನ್ನೊಂದು ಔಷಧವಾದ ಸ್ಯೂಡೋಎಫೆಡ್ರಿನ್. ಅದರಿಂದ ಮೆಥಾಂಫೆಟಮೈನ್ ಎಂಬ ಮಾದಕವಸ್ತು ತಯಾರಾಗುತ್ತಿದ್ದುದರಿಂದ 2006ರಲ್ಲಿ ಜಾರಿಯಾದ ಕಾನೂನು ಅದನ್ನು ಅಂಗಡಿಯ ಗಲ್ಲಾದ ಹಿಂದಕ್ಕೆ ತಳ್ಳಿತು. ಖಾಲಿಯಾದ ಜಾಗಕ್ಕೆ ಫಿನೈಲೆಫ್ರಿನ್ ಬಂತು. ಹೀಗೆ ಅದು ಮುಂದೆ ಬಂದದ್ದು ಗುಣದಿಂದಲ್ಲ, ಪೊಲೀಸರ ಕಾಟವಿಲ್ಲವೆಂಬ ಕಾರಣದಿಂದ. ಮರುವರ್ಷವೇ ಫ್ಲಾರಿಡಾ ವಿಶ್ವವಿದ್ಯಾಲಯದ ಔಷಧಶಾಸ್ತ್ರಜ್ಞರು ಫಿನೈಲೆಫ್ರಿನ್ ಮಾತ್ರೆಯ ಪರಿಣಾಮವನ್ನು ಪ್ರಶ್ನಿಸಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಅರ್ಜಿ ಹಾಕಿದರು. 2015ರಲ್ಲಿ ಪ್ರಕಟವಾದ, ಅಲರ್ಜಿಯಿಂದ ಮೂಗು ಕಟ್ಟಿದ 539 ಮಂದಿಯ ಪ್ರಯೋಗದಲ್ಲಿ 40 ಮಿಲಿಗ್ರಾಂ ಕೂಡ ಔಷಧವಿಲ್ಲದ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಕಡೆಗೆ 2023ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಸಲಹಾ ಸಮಿತಿಯ 16 ಸದಸ್ಯರೂ ಬಾಯಿಂದ ಸೇವಿಸುವ ಈ ಔಷಧ ನಿಷ್ಪ್ರಯೋಜಕ ಎಂದು ಮತ ಹಾಕಿದರು. 2024ರ ನವೆಂಬರ್‌ನಲ್ಲಿ ಅದನ್ನು ವೈದ್ಯರ ಚೀಟಿಯಿಲ್ಲದೆ ಮಾರಬಹುದಾದ ಔಷಧಗಳ ಪಟ್ಟಿಯಿಂದ ಕೈಬಿಡುವ ಪ್ರಸ್ತಾವ ಹೊರಬಿತ್ತು. ಮೂಗಿಗೆ ನೇರವಾಗಿ ಸಿಂಪಡಿಸುವ ಸ್ಪ್ರೇ ಈ ಪ್ರಸ್ತಾವಕ್ಕೆ ಒಳಪಟ್ಟಿಲ್ಲ.

ಭಾರತದಲ್ಲಿ ಇದೇ ಔಷಧ ಅಲರ್ಜಿಗೆ ಕೊಡುವ ಕ್ಲೋರ್‌ಫೆನಿರಮೈನ್, ಪ್ಯಾರಸಿಟಮಾಲ್‌ಗಳ ಜೊತೆ ಬೆರೆತು ಮಾರಾಟವಾಗುತ್ತದೆ. ಕ್ಲೋರ್‌ಫೆನಿರಮೈನ್ ಜೊತೆಗಿನ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ ಮೇಲೆ ಮುದ್ರಿಸುವಂತೆ 2023ರ ಡಿಸೆಂಬರ್‌ನಲ್ಲಿ ಔಷಧ ನಿಯಂತ್ರಕರು ಸೂಚಿಸಿದರು. ಆ ಸೂಚನೆ ಮಕ್ಕಳ ಸುರಕ್ಷತೆಗೆ ಸಂಬಂಧಿಸಿದ್ದು. ದೊಡ್ಡವರು ನುಂಗುವ ಮಾತ್ರೆಯಲ್ಲಿನ ಫಿನೈಲೆಫ್ರಿನ್ ಮೂಗಿನವರೆಗೆ ತಲುಪುತ್ತದೆಯೇ ಎಂಬ ಪ್ರಶ್ನೆಯನ್ನು ಅದು ಎತ್ತಿಕೊಂಡಿಲ್ಲ.