ಮಕ್ಕಳು, ಮೊಬೈಲು ಮತ್ತು ಏಳು ಮುಖಗಳು

ಸೋಶಿಯಲ್ ಮೀಡಿಯಾದಿಂದ ಮಕ್ಕಳ ನೆಮ್ಮದಿ ಕೆಡುತ್ತದಾ? ಪರೀಕ್ಷೆಗೆ ಇದನ್ನು ಓದುತ್ತಿರುವ ನಮಗಾಗಿ ಈ ಟಿಪ್ಪಣಿ. ಬ್ರಿಟನ್ನಿನಲ್ಲಿ ವರ್ಷವರ್ಷವೂ ನಡೆಯುವ ಒಂದು ದೊಡ್ಡ ಸಮೀಕ್ಷೆ ಇದೆ. ಅದರಲ್ಲಿ 10ರಿಂದ 15 ವರ್ಷದ ಮಕ್ಕಳಿಗೂ ಬೇರೆ ಪ್ರಶ್ನೆಪತ್ರ ಕೊಡುತ್ತಾರೆ. ಏಳು ಪುಟ್ಟ ಮುಖಗಳ ಚಿತ್ರ, ಒಂದು ತುದಿಗೆ ನಗುಮುಖ, ಇನ್ನೊಂದು ತುದಿಗೆ ಸಪ್ಪೆ ಮುಖ. ನಿನ್ನ ಬದುಕಿನ ಬಗ್ಗೆ ಒಟ್ಟಾರೆ ಹೇಗನ್ನಿಸುತ್ತದೆ, ಒಂದು ಮುಖಕ್ಕೆ ಗುರುತು ಹಾಕು ಅಂತ. ಇನ್ನೊಂದು ಪ್ರಶ್ನೆ: ಶಾಲೆ ಇರುವ ದಿನ ಸೋಶಿಯಲ್ ಮೀಡಿಯಾದಲ್ಲಿ ಗೆಳೆಯರ ಜೊತೆ ಎಷ್ಟು ಹೊತ್ತು? 'ಇಲ್ಲವೇ ಇಲ್ಲ' ಎಂಬಲ್ಲಿಂದ '7 ಗಂಟೆ ಅಥವಾ ಜಾಸ್ತಿ'ವರೆಗೆ ಉತ್ತರಗಳಿವೆ. ಈ ಸಮೀಕ್ಷೆಯಿಂದ ಬಂದ 'ಮಕ್ಕಳ ನೆಮ್ಮದಿ'ಯ ಬಗ್ಗೆ ನಾವು ಓದುವಾಗ ಅದರ ಹಿಂದಿರುವ ಅಳತೆ ಇಷ್ಟೇ, ನೆನಪಿರಲಿ.

2019ರಲ್ಲಿ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಜ್‌ಬಿಲ್‌ಸ್ಕಿ ಎಂಬ ಸಂಶೋಧಕರು ಬೇರೆ ದೊಡ್ಡ ಸಮೀಕ್ಷೆಗಳಿಂದ ಮೂರೂವರೆ ಲಕ್ಷ ಹದಿಹರೆಯದವರ ಉತ್ತರಗಳನ್ನು ಲೆಕ್ಕ ಹಾಕಿದರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇ 0.4. ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಇರುವ ನಂಟು ಹೆಚ್ಚುಕಮ್ಮಿ ಅಷ್ಟೇ ಬಂತು! ನಗು ಬರುತ್ತದೆ, ಅಲ್ವಾ? ಆದರೆ ಅದು ಎಲ್ಲರನ್ನೂ ಸೇರಿಸಿ ತೆಗೆದ ಸರಾಸರಿ.

ಯಾವ ವಯಸ್ಸಿನಲ್ಲಿ ತಾಗುತ್ತದೆ ಎಂದು ಆರ್ಬೆನ್ ಮತ್ತು ಸಂಗಡಿಗರು 2022ರಲ್ಲಿ ಕೇಳಿದರು. ಈ ಸಲ ಮೊದಲು ಹೇಳಿದ ಮುಖಗಳ ಸಮೀಕ್ಷೆಯ 10ರಿಂದ 21 ವರ್ಷದ 17,409 ಮಂದಿ. ಇಲ್ಲಿನ ಉಪಾಯ ಪರೀಕ್ಷೆಗೂ ಮುಖ್ಯ. ದಿನಾ ಮೂರು ಗಂಟೆ ಫೋನ್ ಹಿಡಿಯುವವಳನ್ನೂ ಅರ್ಧ ಗಂಟೆಯವಳನ್ನೂ ಅಕ್ಕಪಕ್ಕ ಇಟ್ಟರೆ, ಫೋನಿನ ಪಾಲೆಷ್ಟು, ಮನೆಯ ಕಷ್ಟದ ಪಾಲೆಷ್ಟು ಗೊತ್ತಾಗುವುದಿಲ್ಲ. ಅದಕ್ಕೇ ಅವಳನ್ನು ಅವಳ ಜೊತೆಗೇ ಹೋಲಿಸಿದರು. ಈ ವರ್ಷ ತನ್ನ ಮಾಮೂಲಿಗಿಂತ ಜಾಸ್ತಿ ಬಳಸಿದಳಾ? ಹಾಗಿದ್ದರೆ ಮರುವರ್ಷ ಯಾವ ಮುಖಕ್ಕೆ ಗುರುತು ಹಾಕಿದಳು?

ಜಾಸ್ತಿ ಬಳಸಿದ ಮರುವರ್ಷ ಬದುಕಿನ ಖುಷಿ ಇಳಿದದ್ದು ಕೆಲವು ವಯಸ್ಸಿನಲ್ಲಿ ಮಾತ್ರ. ಹುಡುಗಿಯರಲ್ಲಿ 11ರಿಂದ 13, ಹುಡುಗರಲ್ಲಿ 14–15, ಆಮೇಲೆ ಇಬ್ಬರಲ್ಲೂ 19. ನಮ್ಮ ಲೆಕ್ಕದಲ್ಲಿ ಹುಡುಗಿಯರಿಗೆ ಸುಮಾರು 6ರಿಂದ 8ನೇ ಕ್ಲಾಸು, ಹುಡುಗರಿಗೆ ಹೈಸ್ಕೂಲು. ಹುಡುಗಿಯರು ಬೇಗ ದೊಡ್ಡವರಾಗುತ್ತಾರಲ್ಲ, ಈ ವ್ಯತ್ಯಾಸ ಅದರಿಂದ ಇರಬಹುದು ಎನ್ನುತ್ತಾರೆ. ಇದು ಊಹೆ, ಸಾಬೀತಾದ ಮಾತಲ್ಲ.

ನನಗೆ ಇದು ಹೀಗೆ ಅರ್ಥವಾಯಿತು. ಏಳನೇ ಕ್ಲಾಸಿನ ಹುಡುಗಿ ರಾತ್ರಿ ಫೋನ್ ತೆಗೆದರೆ ಐದು ಗೆಳತಿಯರು ಕೇಕಿನ ಸುತ್ತ ನಿಂತ ಫೋಟೊ. ತನ್ನನ್ನು ಕರೆದೇ ಇಲ್ಲ. 'ನಾನು ಅವರಲ್ಲಿ ಒಬ್ಬಳಾ' ಎಂಬ ಚಿಂತೆ ಜೋರಾಗಿರುವ ವಯಸ್ಸು ಅದು. ನಲವತ್ತರ ಅಮ್ಮ ಅಂಥ ಫೋಟೊವನ್ನು ಸುಮ್ನೆ ಬೆರಳಲ್ಲಿ ಸರಿಸಿ ಮುಂದೆ ಹೋಗುತ್ತಾಳೆ.

ನಾವು ಉತ್ತರಪತ್ರಿಕೆಯಲ್ಲಿ ಬಿಟ್ಟುಬಿಡುವ ಅಂಶ ಒಂದಿದೆ. ಬದುಕಿನ ಖುಷಿ ಇಳಿದ ಮಕ್ಕಳು ಮರುವರ್ಷ ಸೋಶಿಯಲ್ ಮೀಡಿಯಾ ಜಾಸ್ತಿ ಬಳಸಿದ್ದಾರೆ. ಇದಕ್ಕೆ ವಯಸ್ಸಿನ ಭೇದವಿಲ್ಲ, ಹುಡುಗ-ಹುಡುಗಿ ಭೇದವೂ ಇಲ್ಲ. ಹಾಗಾಗಿ 'ಫೋನಿನಿಂದ ಬೇಸರ' ಎಂದಷ್ಟೇ ಬರೆದರೆ ಅರ್ಧ ಉತ್ತರ.

ಗಂಟೆಗಳೂ ಮಕ್ಕಳೇ ಅಂದಾಜಿನಲ್ಲಿ ಹೇಳಿದವು. ಆ ಹೊತ್ತಿನಲ್ಲಿ ಊರು ಬಿಟ್ಟುಹೋದ ಗೆಳತಿಯ ಜೊತೆ ಹರಟಿದಳೋ, ಕೇಕಿನ ಫೋಟೊವನ್ನೇ ಮತ್ತೆ ಮತ್ತೆ ನೋಡಿದಳೋ, ಗಂಟೆಯ ಲೆಕ್ಕದಲ್ಲಿ ಕಾಣುವುದಿಲ್ಲ.