ಬೆತ್ತವಿಲ್ಲದೆ ಶಿಸ್ತು ಬರುತ್ತದೆಯೇ?

ಪ್ರಶ್ನೆ: ನನ್ನ ಮಗ ಬೆಳಗಾವಿಯಲ್ಲಿ ಫಾದರ್‌ಗಳು ನಡೆಸುವ ಶಾಲೆಯೊಂದರಲ್ಲಿ ಎಂಟನೆಯ ತರಗತಿ ಓದುತ್ತಿದ್ದಾನೆ. ಅಲ್ಲಿ ಮಕ್ಕಳಿಗೆ ಹೊಡೆಯುವುದಿಲ್ಲ. ಕೇಳಿದರೆ ‘ಇದು ಡಾನ್ ಬಾಸ್ಕೊ ಪದ್ಧತಿ’ ಎನ್ನುತ್ತಾರೆ. ನಾವೆಲ್ಲ ಏಟು ತಿಂದೇ ಕಲಿತವರು. ಬೆತ್ತವಿಲ್ಲದೆ ಶಿಸ್ತು ಬರುತ್ತದೆಯೇ?
– ಬೈಲಹೊಂಗಲದ ಓದುಗರೊಬ್ಬರು

‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಎಂಬ ಮಾತು ಕಿವಿಗೆ ಬೀಳದೆ ನಮ್ಮ ಸೀಮೆಯಲ್ಲಿ ಬೆಳೆದವರು ಕಡಿಮೆ. ನಾನೂ ಅದನ್ನು ಕೇಳಿಯೇ ಬೆಳೆದೆ, ಆಮೇಲೆ ಬಹಳ ವರ್ಷ ಮಕ್ಕಳಿಗೆ ಪಾಠ ಹೇಳಿದೆ. ಶಿಸ್ತು ಬರುತ್ತದೆ ಎಂದೇ ನನ್ನ ಉತ್ತರ. ಆದರೆ ಬೆತ್ತವನ್ನು ಕಪಾಟಿನಲ್ಲಿಟ್ಟ ಮಾತ್ರಕ್ಕೆ ಬರುವುದಿಲ್ಲ. ಬೆತ್ತವಿದ್ದ ಜಾಗದಲ್ಲಿ ಒಬ್ಬ ಮನುಷ್ಯ ಬಂದು ನಿಲ್ಲಬೇಕು.

ಈ ಪದ್ಧತಿಯ ಕಥೆ ಶುರುವಾಗುವುದೇ ಒಂದು ಹೊಡೆತದಿಂದ. 1841ರ ಡಿಸೆಂಬರ್ 8, ಇಟಲಿಯ ಟ್ಯೂರಿನ್ ನಗರದ ಒಂದು ಚರ್ಚು. ಪೂಜೆಯ ಉಡುಪು ತೊಡುವ ಕೋಣೆಗೆ ಚಳಿ ತಾಳಲಾರದೆ ಒಬ್ಬ ಹುಡುಗ ನುಸುಳಿದ್ದ. ಹೆಸರು ಬಾರ್ತೊಲೊಮಿಯೊ ಗರೆಲ್ಲಿ. ತಂದೆ ತಾಯಿ ಇಲ್ಲದವನು, ಊರು ಬಿಟ್ಟು ಗಾರೆ ಕೆಲಸಕ್ಕೆ ಬಂದವನು. ಪೂಜೆಗೆ ನೆರವಾಗಲು ಬರುವುದಿಲ್ಲ ಎಂದದ್ದಕ್ಕೆ ಚರ್ಚಿನ ಪರಿಚಾರಕ ಕೋಲಿನಿಂದ ಬಾರಿಸಿ ಅಟ್ಟಿದ. ಇಪ್ಪತ್ತಾರರ ಹರೆಯದ ಕಥೋಲಿಕ ಗುರು ಜಾನ್ ಬಾಸ್ಕೊ, ಅಂದರೆ ಡಾನ್ ಬಾಸ್ಕೊ ಎಂದೇ ಹೆಸರಾದವರು, ‘ಅವನು ನನ್ನ ಗೆಳೆಯ’ ಎಂದು ಹುಡುಗನನ್ನು ಮರಳಿ ಕರೆಸಿದರು. ಓದಲು ಬರುತ್ತದೆಯೇ? ಇಲ್ಲ. ಹಾಡಲು? ಇಲ್ಲ. ಸಿಳ್ಳೆ ಹಾಕಲು? ಹುಡುಗ ನಕ್ಕ. ಪಾಠ ಆ ನಗುವಿನ ಮೇಲೆಯೇ ಶುರುವಾಯಿತು.

1877ರಲ್ಲಿ ಬಾಸ್ಕೊ ತಮ್ಮ ವಿಧಾನವನ್ನು ಪುಟ್ಟ ಪ್ರಬಂಧವಾಗಿ ಬರೆದರು. ನಿಯಮ ಸಾರಿ, ದೂರ ನಿಂತು, ತಪ್ಪಿದವನನ್ನು ಹಿಡಿದು ದಂಡಿಸುವುದು ಒಂದು ದಾರಿ. ನಿಯಮ ತಿಳಿಸಿ, ಮಕ್ಕಳ ನಡುವೆಯೇ ಇದ್ದು, ತಪ್ಪಿಗೆ ಆಸ್ಪದವೇ ಸಿಗದಂತೆ ನೋಡಿಕೊಳ್ಳುವುದು ಇನ್ನೊಂದು. ಎರಡನೆಯದನ್ನು ಅವರು ಮುನ್ನೆಚ್ಚರಿಕೆಯ ಪದ್ಧತಿ ಎಂದು ಕರೆದರು. ವಿವೇಕ, ಧರ್ಮ, ವಾತ್ಸಲ್ಯ ಅದರ ಮೂರು ಕಂಬಗಳು. ಧರ್ಮ ಎಂದಾಗ ಕ್ರೈಸ್ತರಲ್ಲದ ಪಾಲಕರು ಅಳುಕುವುದುಂಟು. ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ ಇರುತ್ತದೆ, ನಿಜ. ಆದರೆ ಸರ್ಕಾರದ ಮಾನ್ಯತೆ ಪಡೆದ ಯಾವ ಶಾಲೆಯೂ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ.

ವಾತ್ಸಲ್ಯವೆಂದರೆ ಮುದ್ದು ಮಾಡುವುದಲ್ಲ. 1852ರಲ್ಲಿ ಒಬ್ಬ ಹುಡುಗನನ್ನು ಬಡಗಿಯ ಬಳಿ ಕೆಲಸ ಕಲಿಯಲು ಬಿಡುವಾಗ ಬಾಸ್ಕೊ ಛಾಪಾ ಕಾಗದದ ಮೇಲೆ ಕರಾರು ಬರೆಸಿದರು. ತಪ್ಪಿದರೆ ಮಾತಿನಿಂದ ತಿದ್ದಬೇಕು, ಕೈ ಮಾಡಬಾರದು ಎಂಬ ಷರತ್ತು ಅದರಲ್ಲಿತ್ತು. ಪ್ರೀತಿಯನ್ನು ಕಾಗದಕ್ಕೆ ಇಳಿಸಿ ಸಹಿ ಹಾಕಿಸಿದವರು ಅವರು. 1884ರಲ್ಲಿ ರೋಮ್‌ನಿಂದ ತಮ್ಮವರಿಗೆ ಬರೆದ ಪತ್ರದಲ್ಲಿ ಅವರ ನೋವು ಕಾಣುತ್ತದೆ: ಶಿಕ್ಷಕರು ಈಗ ಮಕ್ಕಳೊಡನೆ ಆಡುತ್ತಿಲ್ಲ, ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಅಡ್ಡಾಡುತ್ತಾರೆ. ಮಕ್ಕಳನ್ನು ಪ್ರೀತಿಸಿದರೆ ಸಾಲದು, ಪ್ರೀತಿಸುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಾಗಬೇಕು ಎಂಬ ಮಾತು ಆ ಪತ್ರದ್ದು.

ಇದು ನನಗೆ ಅರ್ಥವಾದದ್ದು ತಡವಾಗಿ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ದಿನವೂ ತಡವಾಗಿ ಬರುತ್ತಿದ್ದ. ನಾನು ದಿನವೂ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಅವನು ತುಟಿ ಬಿಚ್ಚುತ್ತಿರಲಿಲ್ಲ. ಜಿಟಿಜಿಟಿ ಮಳೆಯಲ್ಲೂ ಕೆಂಪು ರಾಡಿಯಲ್ಲಿ ಮಕ್ಕಳೊಡನೆ ಫುಟ್‌ಬಾಲ್ ಆಡುತ್ತಿದ್ದ ಸಹೋದ್ಯೋಗಿಯೊಬ್ಬರಿಗೆ ಮಾತ್ರ ನಾಲ್ಕೇ ದಿನದಲ್ಲಿ ಕಾರಣ ತಿಳಿಯಿತು. ತಾಯಿ ನಸುಕಿನಲ್ಲೇ ಕಬ್ಬು ಕಡಿಯಲು ಹೋಗುತ್ತಿದ್ದಳು. ತಂಗಿಯ ತಲೆ ಬಾಚಿ, ಅಂಗನವಾಡಿಗೆ ಬಿಟ್ಟು ಇವನು ಓಡಿ ಬರುತ್ತಿದ್ದ. ನಾನು ಶಿಕ್ಷಿಸುತ್ತಿದ್ದದ್ದು ಅವನ ಜವಾಬ್ದಾರಿಯನ್ನು.

ಕಥೋಲಿಕ ಶಾಲೆಗಳಲ್ಲಿ ಎಂದೂ ಬೆತ್ತವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಳಗಾವಿಯ ಸೇಂಟ್ ಪಾಲ್ಸ್‌ನಂಥ, 1856ರಷ್ಟು ಹಳೆಯ ಶಾಲೆಯನ್ನು ನಡೆಸುವ ಜೆಸ್ವಿಟರು (ಕಥೋಲಿಕ ಗುರುಗಳ ಒಂದು ಸಂಘ) 1599ರಲ್ಲಿ ರೂಪಿಸಿದ ಶಿಕ್ಷಣ ನಿಯಮಾವಳಿಯೇ ಏಟಿಗೆ ಎಡೆ ಕೊಟ್ಟಿತ್ತು. ಗುರುಗಳು ಕೈ ಎತ್ತದಿರಲೆಂದು ಹೊರಗಿನವನೊಬ್ಬನನ್ನು ಆ ಕೆಲಸಕ್ಕೆ ನೇಮಿಸುತ್ತಿದ್ದರು. ಈಗ ಕಾನೂನೇ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಹಾಗಾಗಿ ‘ನಾವು ಹೊಡೆಯುವುದಿಲ್ಲ’ ಎಂಬುದು ಶಾಲೆಯ ಹೆಗ್ಗಳಿಕೆಯಲ್ಲ, ಕರ್ತವ್ಯ. ಕೇವಲ ಹೊಡೆಯದೆ ಬಿಟ್ಟು, ಮಗು ಏನಾದರೇನು ಎಂದು ಕೈಚೆಲ್ಲಿ ಕುಳಿತರೆ ಅದಕ್ಕೆ ಡಾನ್ ಬಾಸ್ಕೊ ಹೆಸರು ಸಲ್ಲದು.

ಮುಂದಿನ ಪಾಲಕರ ಸಭೆಗೆ ಹೋದಾಗ ಅಂಕಪಟ್ಟಿ ನೋಡುವ ಮೊದಲು ಒಂದು ಮಾತು ಕೇಳಿ: ಊಟದ ಬಿಡುವಿನಲ್ಲಿ ಶಿಕ್ಷಕರು ಎಲ್ಲಿರುತ್ತಾರೆ? ಸಾಧ್ಯವಾದರೆ ಆ ಹೊತ್ತಿಗೇ ಹೋಗಿ ಮೈದಾನದ ಅಂಚಿನಲ್ಲಿ ಹತ್ತು ನಿಮಿಷ ನಿಂತು ನೋಡಿ.